ಕಾಕುಮಾದಲ್ಲಿ ಹುಟ್ಟಿ ಬೆಳೆದವರಿಗೆ ಶಾಲೆ ಮುಗಿದ ಮೇಲೆ ದಾರಿ ಯಾವುದು?

ಹಾವೇರಿ_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಲಸೆಯ ಪಾಠ ಮಾಡುವಾಗ ಕೀನ್ಯಾದ ಕಾಕುಮಾ ನಿರಾಶ್ರಿತರ ಶಿಬಿರದ ಪ್ರಸ್ತಾಪ ಬಂತು. ಸುಡಾನಿನ ಅಂತರ್ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಸಾವಿರಾರು ಹುಡುಗರು ಇಥಿಯೋಪಿಯಾಕ್ಕೆ ನಡೆದು ಹೋಗಿ, 1991ರಲ್ಲಿ ಅಲ್ಲಿನ ಸರಕಾರ ಉರುಳಿದಾಗ ಅಲ್ಲಿಂದಲೂ ಕಾಲ್ತೆಗೆಯಬೇಕಾಗಿ ಬಂದು, 1992ರಲ್ಲಿ ತುರ್ಕಾನಾ ಸೀಮೆಯ ಆ ಬೆಂಗಾಡನ್ನು ಸೇರಿದರು ಎಂಬಷ್ಟನ್ನು ಓದಿಕೊಂಡಿದ್ದೆ, ಅಷ್ಟನ್ನೇ ಹೇಳಿದೆ. ಪಾಠ ಮುಗಿಯುತ್ತಿದ್ದಂತೆ ಒಬ್ಬ ಹುಡುಗಿ ಎದ್ದು, “ಸರ್, ಆವಾಗ ಬಂದವರಿಗೆ ಈಗ ಮಕ್ಕಳಾಗಿರಬೇಕಲ್ಲ? ಆ ಮಕ್ಕಳು ಅಲ್ಲೇ ಹುಟ್ಟಿದವರಲ್ಲವಾ? ಅವರು ಎಸ್ಸೆಸ್ಸೆಲ್ಸಿ ಮುಗಿಸಿ ಏನು ಮಾಡ್ತಾರೆ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ, ನಾಳೆ ಹೇಳುತ್ತೇನೆ ಎಂದು ಕೂರಿಸಿದೆ.

ಅಲ್ಲಿ ಕೆಲಸ ಮಾಡಿದವರು ಅಥವಾ ಹತ್ತಿರದಿಂದ ಬಲ್ಲವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಅಲ್ಲಿಯ ಹದಿಹರೆಯದವರ ದಿನ ಹೇಗೆ ಕಳೆಯುತ್ತದೆ, ಅವರು ಏನಾಗಬೇಕೆಂದು ಬಯಸುತ್ತಾರೆ, ಬಯಸಿದ್ದಕ್ಕೆ ದಾರಿ ಇದೆಯೇ? ಮರುಕ ಹುಟ್ಟಿಸುವ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಆ ಹುಡುಗಿಯ ಮುಖ ನೋಡಿ ಹೇಳಬಹುದಾದ ಉತ್ತರ ನನಗೆ ಬೇಕಾಗಿದೆ.

ನೈರೋಬಿ_ನಿವಾಸಿ:

ಮೇಷ್ಟ್ರೇ, ನಾನು ನೈರೋಬಿಯಲ್ಲಿ ನೆಲೆಸಿ ಹಲವು ವರ್ಷಗಳಾದವು. ಅದರಲ್ಲಿ ಎರಡು ವರ್ಷ ಕಾಕುಮಾದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮಕ್ಕಳಿಗೆ ಡೇರೆಗಳ ಸಾಲನ್ನು ವರ್ಣಿಸಬೇಡಿ. ಕಾಕುಮಾ ಮತ್ತು ಅದರ ಪಕ್ಕದ ಕಲೊಬೆಯೆ ವಸತಿ ಎರಡೂ ಸೇರಿ ಸುಮಾರು ಮೂರು ಲಕ್ಷ ಜನರಿರುವ ಪಟ್ಟಣವದು. ಮಣ್ಣಿನ ಗೋಡೆ, ತಗಡಿನ ಸೂರು, ಮುಳ್ಳಿನ ಬೇಲಿ, ನಡುವೆ ಸೊಮಾಲಿಗಳ ದಿನಸಿ ಅಂಗಡಿಗಳು, ಇಥಿಯೋಪಿಯನ್ನರ ಕಾಫಿ ಹೋಟೆಲುಗಳು, ಕಾಂಗೋದಿಂದ ಬಂದವರ ಹೊಲಿಗೆ ಯಂತ್ರದ ಸದ್ದು. ಅಂತರರಾಷ್ಟ್ರೀಯ ಹಣಕಾಸು ನಿಗಮ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳಿವೆ ಎಂದು ಲೆಕ್ಕ ಹಾಕಿತ್ತು. ಅಂದರೆ ದುಡಿಯುವ ಮನಸ್ಸಿಗೆ, ಬುದ್ಧಿಗೆ ಅಲ್ಲಿ ಬರವಿಲ್ಲ.

ನಿಮ್ಮ ವಿದ್ಯಾರ್ಥಿನಿ ಊಹಿಸಿದಂತೆ ಅಲ್ಲಿಯೇ ಹುಟ್ಟಿದವರು ಬಹಳ ಮಂದಿ. ಆದರೆ ಕೀನ್ಯಾದ ಸಂವಿಧಾನದ ಪ್ರಕಾರ ಪೌರತ್ವ ಬರುವುದು ತಂದೆ ಅಥವಾ ತಾಯಿಯಿಂದ. ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಬರುವುದಿಲ್ಲ. ಆ ಮಕ್ಕಳು ಕೀನ್ಯಾದ ಪಠ್ಯವನ್ನೇ ಓದುತ್ತಾರೆ, ಸ್ವಾಹಿಲಿಯಲ್ಲಿ ಜಗಳವಾಡುತ್ತಾರೆ, ಕೀನ್ಯಾದ ಮಕ್ಕಳು ಪ್ರೌಢಶಾಲೆಯ ಕೊನೆಯಲ್ಲಿ ಬರೆಯುವ ಕೆಸಿಎಸ್‌ಇ ಪರೀಕ್ಷೆಯನ್ನೇ ಬರೆಯುತ್ತಾರೆ. ಪರೀಕ್ಷೆ ಮುಗಿದ ಮರುದಿನ ಮತ್ತೆ ಪರದೇಶಿಗಳಾಗುತ್ತಾರೆ.

ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ಬಗ್ಗೆ ಹೇಳುತ್ತೇನೆ. ಬೆಳಕು ಹರಿಯುವ ಮೊದಲೇ ನಲ್ಲಿಯ ಮುಂದೆ ಹಳದಿ ಕ್ಯಾನುಗಳ ಸಾಲು ಹನುಮಂತನ ಬಾಲದಂತೆ ಬೆಳೆದಿರುತ್ತಿತ್ತು. ಅವಳು ತನ್ನ ಕ್ಯಾನಿನ ಮೇಲೆ ಕುಳಿತು, ತೊಡೆಯ ಮೇಲೆ ಜೀವಶಾಸ್ತ್ರದ ಪುಸ್ತಕ ಇಟ್ಟುಕೊಂಡು, ಸಾಲು ಮುಂದೆ ಸರಿದಂತೆಲ್ಲ ಒಂದು ಕೈಯಲ್ಲಿ ಕ್ಯಾನನ್ನೂ ಇನ್ನೊಂದರಲ್ಲಿ ಪುಸ್ತಕವನ್ನೂ ಹಿಡಿದು ಸರಿಯುತ್ತಿದ್ದಳು. ಆ ಪುಸ್ತಕವನ್ನು ಮತ್ತೆ ನಾಲ್ವರು ಹಂಚಿಕೊಳ್ಳಬೇಕಿತ್ತು, ಅವಳ ಪಾಳಿ ಬೆಳಗಿನದು. ಅವಳಿಗೆ ನರ್ಸ್ ಆಗಬೇಕೆಂಬ ಆಸೆ. ತಾಯಿಯ ಹೆರಿಗೆಯ ರಾತ್ರಿ ಬಂದು ನಿಂತ ನರ್ಸನ್ನು ಅವಳು ಮರೆತಿರಲಿಲ್ಲ. ನಾನು ಅಲ್ಲಿ ಕೇಳಿದ ಬಹುತೇಕ ಕನಸುಗಳು ಹೀಗೆಯೇ ಇದ್ದವು: ಶಿಕ್ಷಕ, ನರ್ಸ್, ಎಲೆಕ್ಟ್ರಿಷಿಯನ್, ವಕೀಲ. ತಾವು ಕಂಡ ಕೊರತೆಯನ್ನು ತಾವೇ ತುಂಬಬೇಕೆಂಬ ಹಂಬಲ ಅದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಂಕ ಚೆನ್ನಾಗಿ ಬಂದವರಿಗೆ ವಿದ್ಯಾರ್ಥಿವೇತನಗಳಿವೆ. ಜರ್ಮನಿಯ ನೆರವಿನಿಂದ 1992ರಲ್ಲಿ ಆರಂಭವಾದ ಡಾಫಿ ಯೋಜನೆ ಕೀನ್ಯಾದಲ್ಲೇ ಕಾಲೇಜು ಓದಿಸುತ್ತದೆ. ಕೆನಡಾದ ಒಂದು ಯೋಜನೆ 1978ರಿಂದ ವಿದ್ಯಾರ್ಥಿಗಳನ್ನು ಅಲ್ಲಿಗೇ ಕರೆಸಿಕೊಂಡು ನೆಲೆಗೊಳಿಸುತ್ತಿದೆ. ಆದರೆ ಅರ್ಜಿ ಹಾಕುವವರ ರಾಶಿಯ ಮುಂದೆ ಸೀಟುಗಳು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಅದೃಷ್ಟವಂತರಿಗೆ ಸಿಗುವುದನ್ನು ಅಲ್ಲಿ ಎಲ್ಲರೂ ‘ಇನ್ಸೆಂಟಿವ್’ ಕೆಲಸ ಎನ್ನುತ್ತಾರೆ. ಹೋದ ವರ್ಷ ಶಾಲೆ ಮುಗಿಸಿದ ಹುಡುಗನೇ ಈ ವರ್ಷ ನೂರಕ್ಕೂ ಹೆಚ್ಚು ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತಿರುತ್ತಾನೆ. ಅದೇ ಕೆಲಸಕ್ಕೆ ಕೀನ್ಯಾದವರಿಗೆ ಸಂಬಳ, ಇವನಿಗೆ ಅದರ ಒಂದು ಸಣ್ಣ ಪಾಲು ಮಾತ್ರ ಪ್ರೋತ್ಸಾಹಧನ. ಈ ತಾರತಮ್ಯ ನನ್ನನ್ನು ಇಂದಿಗೂ ಕಾಡುತ್ತದೆ.

ಶಿಬಿರ ಬಿಟ್ಟು ಹೊರಗೆ ಕೆಲಸ ಹುಡುಕೋಣವೆಂದರೆ ಸಂಚಾರದ ಪಾಸು ಬೇಕು. ನೈರೋಬಿ ಏಳುನೂರು ಕಿಲೋಮೀಟರಿಗೂ ದೂರ. ಕಾರಣ ಬರೆದು, ಸಾಲಿನಲ್ಲಿ ನಿಂತು, ಪಾಸು ಕೈಗೆ ಬರುವಷ್ಟರಲ್ಲಿ ಸಂದರ್ಶನದ ದಿನವೇ ದಾಟಿರುತ್ತದೆ. 2021ರ ನಿರಾಶ್ರಿತರ ಕಾಯಿದೆ ದುಡಿಯುವ ಹಕ್ಕನ್ನು ಒಪ್ಪಿಕೊಂಡಿದೆ ಎಂಬುದು ನಿಜ. ಕಾಗದದ ಮೇಲಿನ ಆ ಹಕ್ಕು ಕೆಲಸದ ಪರವಾನಗಿಯಾಗಿ ಕೈ ಸೇರುವ ಹಾದಿ ಮಾತ್ರ ಇನ್ನೂ ಉದ್ದವಾಗಿಯೇ ಇದೆ. ಆ ಯುವಕರಿಗೆ ಕನಸು ಕಾಣಲು ಕಲಿಸುವ ಕಾರ್ಯಾಗಾರಗಳು ಎಷ್ಟೋ ನಡೆಯುತ್ತವೆ. ಅವರಿಗೆ ಬೇಕಾಗಿರುವುದು ಬಸ್ ಹತ್ತುವ ಅನುಮತಿ.

ಓಟಗಾರ_ಧಾರವಾಡ:

ಮೇಷ್ಟ್ರೇ, ನಿಮ್ಮ ಮಕ್ಕಳಿಗೆ 2016ರ ರಿಯೊ ಒಲಿಂಪಿಕ್ಸಿನ ವಿಷಯವನ್ನೂ ಹೇಳಿ. ಮೊದಲ ಬಾರಿಗೆ ನಿರಾಶ್ರಿತರದ್ದೇ ಒಂದು ತಂಡ ಸ್ಪರ್ಧಿಸಿತು. ಅದರಲ್ಲಿದ್ದ ಹತ್ತು ಮಂದಿಯಲ್ಲಿ ಐವರು ದಕ್ಷಿಣ ಸುಡಾನಿನಿಂದ ಬಂದು ಕೀನ್ಯಾದಲ್ಲಿ ಆಶ್ರಯ ಪಡೆದಿದ್ದ ಓಟಗಾರರು. ಮ್ಯಾರಥಾನ್ ಓಟಗಾರ್ತಿ ಟೆಗ್ಲಾ ಲೊರೂಪೆ ಅವರ ಪ್ರತಿಷ್ಠಾನ ಶಿಬಿರದಲ್ಲಿ ಆಯ್ಕೆಯ ಓಟ ನಡೆಸಿ, ಆಯ್ದವರನ್ನು ನೈರೋಬಿಯ ಬಳಿಯ ಎನ್‌ಗಾಂಗ್‌ನಲ್ಲಿ ತರಬೇತಿಗೊಳಿಸಿತು. ಕಾಕುಮಾದಲ್ಲಿ ಬೆಳೆದ ರೋಸ್ ನಾಥಿಕೆ ರಿಯೊದಲ್ಲಿ ತಂಡದ ಧ್ವಜ ಹಿಡಿದು ನಡೆದರು. ಅವರ ಜೊತೆಗಿದ್ದ ಯೀಚ್ ಪುರ್ ಬಿಯೆಲ್ 2022ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಆಸ್ಟ್ರೇಲಿಯಾದ ಫುಟ್ಬಾಲ್ ತಂಡದ ಅವೆರ್ ಮಬಿಲ್ ಹುಟ್ಟಿದ್ದೂ ಕಾಕುಮಾದಲ್ಲಿಯೇ. ದಾರಿಯೇ ಇಲ್ಲವೆಂದು ಮಕ್ಕಳಿಗೆ ಅನಿಸಬಾರದು ಎಂಬುದು ನನ್ನ ಕಾಳಜಿ.

ಮಂಗಳೂರು_ದಾದಿ:

ಓಟಗಾರರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಸಂಗತಿಯನ್ನು ಸೇರಿಸಲೇಬೇಕು. ಮಬಿಲ್ ಹತ್ತು ವರ್ಷದವರಿದ್ದಾಗಲೇ ಕುಟುಂಬದೊಂದಿಗೆ ಆಸ್ಟ್ರೇಲಿಯಾಕ್ಕೆ ಹೋದವರು. ರೋಸ್ ಮತ್ತು ಬಿಯೆಲ್ ಅವರನ್ನೂ ಯಾರೋ ಬಂದು ಶಿಬಿರದಿಂದ ಹೊರಗೆ ಕರೆದೊಯ್ದ ಮೇಲೆಯೇ ಲೋಕ ಕಂಡಿತು. ಈ ಕಥೆಗಳನ್ನು ಶಿಬಿರದ ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು, ಮತ್ತು ಅದರಿಂದ ಅವರು ಕಲಿಯುವ ಪಾಠ ‘ಹೊರಗೆ ಹೋದರೆ ಮಾತ್ರ ಬದುಕು’ ಎಂಬುದು.

ನಾನು ಕೆಲಕಾಲ ಸೊಮಾಲಿಯಾದ ಗಡಿಯ ಕಡೆಗಿರುವ ದಾದಾಬ್ ಶಿಬಿರದಲ್ಲಿ ವೈದ್ಯಕೀಯ ತಂಡದೊಂದಿಗಿದ್ದೆ. 1991ರಲ್ಲಿ ಶುರುವಾದ ಆ ಶಿಬಿರದ ಸೊಮಾಲಿಗಳಲ್ಲಿ ‘ಬೂಫಿಸ್’ ಎಂಬ ಒಂದು ಮಾತಿದೆ. ಊದು, ಗಾಳಿ ತುಂಬು ಎಂಬ ಅರ್ಥದ ಮೂಲದಿಂದ ಹುಟ್ಟಿದ ಆ ಪದವನ್ನು, ಪರದೇಶಕ್ಕೆ ಹೋಗಿ ನೆಲೆಸಬೇಕೆಂಬ ಹಂಬಲ ಎದೆಯಲ್ಲಿ ತುಂಬಿಕೊಂಡು ಇನ್ನಾವುದರಲ್ಲೂ ಮನಸ್ಸು ನಿಲ್ಲದಂತಾಗುವ ಸ್ಥಿತಿಗೆ ಬಳಸುತ್ತಾರೆ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ಬರುತ್ತಿದ್ದ ಇಪ್ಪತ್ತರ ಹರೆಯದ ಹುಡುಗರನ್ನು ಏನಾಯಿತೆಂದು ಕೇಳಿದರೆ, ಜೊತೆಗೆ ಬಂದವರೇ “ಅವನಿಗೆ ಬೂಫಿಸ್” ಎಂದು ಉತ್ತರಿಸುತ್ತಿದ್ದರು. ಜಗತ್ತಿನ ನಿರಾಶ್ರಿತರಲ್ಲಿ ಒಂದು ವರ್ಷದಲ್ಲಿ ಮೂರನೆಯ ದೇಶಕ್ಕೆ ಹೋಗಿ ನೆಲೆಸುವವರು ನೂರಕ್ಕೆ ಒಬ್ಬರೂ ಇಲ್ಲ. 2025ರ ಜನವರಿಯಲ್ಲಿ ಅಮೆರಿಕ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿದಾಗ, ವರ್ಷಗಟ್ಟಲೆ ಸಂದರ್ಶನಗಳನ್ನು ಮುಗಿಸಿ ಕಾದಿದ್ದವರ ದಾರಿಯೂ ಮುಚ್ಚಿತು. ಅದೇ ವರ್ಷ ದೇಣಿಗೆ ಕುಸಿದು ಕೀನ್ಯಾದ ಶಿಬಿರಗಳ ಪಡಿತರ ಪೂರ್ಣ ಪ್ರಮಾಣದ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಹಸಿದ ಹೊಟ್ಟೆಯಲ್ಲಿ ಶಾಲೆಗೆ ಹೋಗುವ ಮಕ್ಕಳ ಕನಸನ್ನು ಕುರಿತು ಮಾತನಾಡುವಾಗ ಈ ಪಡಿತರದ ಮಾತನ್ನು ಬಿಡುವಂತಿಲ್ಲ.

ಕುಶಾಲನಗರ_ಓದುಗ:

ನಮ್ಮ ಊರಿನ ಹತ್ತಿರದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ನರಿಗೆ ಸಾಗುವಳಿ ಭೂಮಿ ಕೊಟ್ಟು ನೆಲೆಗೊಳಿಸಲಾಯಿತು. ಅವರು ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಕಾಕುಮಾದಲ್ಲಿ ಹಾಗೆ ಭೂಮಿ ಕೊಡಲು ಸಾಧ್ಯವಿಲ್ಲವೇ?

ನೈರೋಬಿ_ನಿವಾಸಿ:

ಸರ್, ಕಲೊಬೆಯೆಯನ್ನು ಕಟ್ಟಿದ್ದು ಹೆಚ್ಚುಕಡಿಮೆ ಅದೇ ಆಶಯದಿಂದ. ಸ್ಥಳೀಯರೂ ನಿರಾಶ್ರಿತರೂ ಒಂದೇ ಶಾಲೆ, ಒಂದೇ ಆಸ್ಪತ್ರೆ ಬಳಸಬೇಕು, ಕೈತೋಟ ಮಾಡಬೇಕು ಎಂಬ ಯೋಜನೆ. ಆದರೆ ತುರ್ಕಾನಾ ಸೀಮೆಯಲ್ಲಿ ಮಳೆ ಅಪರೂಪ, ವರ್ಷದ ಬಹುಭಾಗ ತರಾಚ್ ನದಿಯಲ್ಲಿ ಮರಳಷ್ಟೇ ಇರುತ್ತದೆ. ಅಲ್ಲಿನ ಮೂಲನಿವಾಸಿಗಳಾದ ತುರ್ಕಾನಾ ಜನ ಆಡು, ಒಂಟೆ ಮೇಯಿಸಿ ಬದುಕುವವರು, ಅವರ ಮಕ್ಕಳ ಬಡತನವೂ ಕಡಿಮೆಯದಲ್ಲ. ನೀವು ಹೇಳಿದ ಎರಡರಲ್ಲಿ ಕಾಕುಮಾದ ಯುವಕರಿಗೆ ಹೆಚ್ಚು ಬೇಕಾಗಿರುವುದು ಜೋಳದ ಹೊಲಕ್ಕಿಂತ ಸ್ವೆಟರಿನ ಗಂಟು ಹೊತ್ತು ಊರೂರಿಗೆ ಹೋಗುವ ಸ್ವಾತಂತ್ರ್ಯ ಎಂದು ನನಗೆ ಅನಿಸುತ್ತದೆ.

ಹಾವೇರಿ_ಮೇಷ್ಟ್ರು:

ಎಲ್ಲರಿಗೂ ಕೃತಜ್ಞತೆಗಳು. ಇಂದು ಇಡೀ ಒಂದು ಅವಧಿಯನ್ನು ಇದಕ್ಕೇ ಮೀಸಲಿಟ್ಟು, ಪೌರತ್ವ, ಪಾಸು, ಇನ್ಸೆಂಟಿವ್ ಕೆಲಸ, ರಿಯೊ, ಬೂಫಿಸ್ ಎಲ್ಲವನ್ನೂ ಹೇಳಿದೆ. ಪ್ರಶ್ನೆ ಕೇಳಿದ್ದ ಹುಡುಗಿ ಕೊನೆಯವರೆಗೂ ಸುಮ್ಮನಿದ್ದು, ಗಂಟೆ ಹೊಡೆದ ಮೇಲೆ ಮೇಜಿನ ಬಳಿ ಬಂದು, “ಸರ್, ಕ್ಯಾನಿನ ಮೇಲೆ ಕೂತು ಓದುತ್ತಿದ್ದವಳು ನರ್ಸ್ ಆದಳಾ?” ಎಂದು ಕೇಳಿದಳು.

ನೈರೋಬಿ_ನಿವಾಸಿ:

ಇನ್ನೂ ಆಗಿಲ್ಲ ಮೇಷ್ಟ್ರೇ. ಮೊದಲ ಸಲ ವಿದ್ಯಾರ್ಥಿವೇತನ ಸಿಗಲಿಲ್ಲ. ಈಗ ಶಿಬಿರದಲ್ಲಿ ಮನೆ ಮನೆಗೆ ಹೋಗಿ ಬಸುರಿಯರನ್ನು ತಪಾಸಣೆಗೆ ಕರೆತರುವ ಇನ್ಸೆಂಟಿವ್ ಕೆಲಸದಲ್ಲಿದ್ದಾಳೆ. ಸೌರಫಲಕ ಇಟ್ಟುಕೊಂಡು ಮೊಬೈಲ್ ಚಾರ್ಜ್ ಮಾಡಿಕೊಡುವ ಅವಳ ತಮ್ಮನೂ ಅವಳೂ ಸೇರಿ ತುರ್ಕಾನಾ ಸೀಮೆಯದೇ ಪಟ್ಟಣವಾದ ಲೋಡ್ವಾರಿನ ಕಾಲೇಜಿನ ಶುಲ್ಕಕ್ಕೆ ಹಣ ಕೂಡಿಡುತ್ತಿದ್ದಾರೆ. ಹೋದ ವಾರ ಸಂದೇಶ ಕಳಿಸಿದ್ದಳು, ಎರಡನೆಯ ಅರ್ಜಿಗೆ ನನ್ನ ಶಿಫಾರಸು ಪತ್ರ ಬೇಕಂತೆ. ಇಂದು ರಾತ್ರಿ ಬರೆದು ಕಳಿಸುತ್ತಿದ್ದೇನೆ. ಉತ್ತರ ಬಂದ ದಿನ ಇಲ್ಲಿ ತಿಳಿಸುತ್ತೇನೆ, ನಿಮ್ಮ ವಿದ್ಯಾರ್ಥಿನಿಗೆ ಹೇಳಿ.