ಮಗುವನ್ನು ನೋಡಬೇಕಾ, ಹಾಳೆ ತುಂಬಿಸಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡಬೇಕು ಅಂತ ಬಿಹೇವಿಯರ್ ಅನಲಿಸ್ಟ್ (ವರ್ತನೆ ವಿಶ್ಲೇಷಕರ) ಓದಿಗೆ ಸೇರಿದ್ದೇನೆ. ಅದರ ಪ್ರಮಾಣಪತ್ರವಾದ ಬಿಸಿಬಿಎ ಪರೀಕ್ಷೆಗೆ ಕೂರಲು 2,000 ಗಂಟೆ ಫೀಲ್ಡ್‌ವರ್ಕ್ ಆಗಬೇಕು. ನನ್ನದು ಇಲ್ಲಿಯವರೆಗೆ 210 ಆಗಿದೆ.

ಆರು ವರ್ಷದ ಒಬ್ಬ ಹುಡುಗ ಇದ್ದಾನೆ, ಇನ್ನೂ ಮಾತು ಬಂದಿಲ್ಲ. ಚಿತ್ರ ಜೋಡಿಸಲು ಕೂರಿಸಿದರೆ ನಾಲ್ಕನೇ ತುಂಡಿನ ಹೊತ್ತಿಗೆ ಅಂಗೈಯಿಂದ ಮೇಜು ಬಡಿಯಲು ಶುರು ಮಾಡುತ್ತಾನೆ. ನಾನು ಪ್ರತಿ ಬಡಿತಕ್ಕೂ ಎಣಿಸುವ ಕೌಂಟರ್ ಒತ್ತುತ್ತಾ, ಹಾಳೆ ತುಂಬಿಸುತ್ತಾ ಹೋಗುತ್ತೇನೆ. ನಿನ್ನೆ 31 ಸಲ ಆಯಿತು. ಮನೆಗೆ ಬಂದು ಕೂತಾಗ ಅವನ ಮುಖ ಹೇಗಿತ್ತು ಅಂತ ನೆನಪೇ ಬರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡ್ತಿರೋದು ಸರಿನಾ?

ಉತ್ತರ 1:
ನಿದ್ದೆ ಬರಲಿಲ್ಲ ಅಂದರಲ್ಲ, ನೀವು ಈ ಕೆಲಸಕ್ಕೆ ಬೇಕಾದವರು. ಎಣಿಸುವುದು ತಪ್ಪಲ್ಲ ಕಣಮ್ಮ. ಆದರೆ ಎಬಿಸಿ ಹಾಳೆ, ಅಂದರೆ ವರ್ತನೆಯ ಹಿಂದೆ-ಮುಂದೆ ಆದದ್ದನ್ನು ಬರೆಯುವ ಹಾಳೆ, ತೆಗೆದುಕೊಳ್ಳಿ. ಬಡಿಯುವ ಮುಂಚೆ ಏನಾಯಿತು, ಬಡಿದ ಮೇಲೆ ನೀವೇನು ಮಾಡಿದಿರಿ, ಅದನ್ನು ಬರೆಯಿರಿ. ಬಡಿದ ತಕ್ಷಣ ತುಂಡುಗಳನ್ನು ಎತ್ತಿಡ್ತೀರಾ? ಹಾಗಿದ್ದರೆ "ಸಾಕು" ಅನ್ನಲು ಅವನಿಗಿರುವ ಮಾತು ಅದೊಂದೇ ಇರಬಹುದು.

ನನ್ನ ಹತ್ತಿರ ಒಬ್ಬಳು ಹುಡುಗಿ ಇದ್ದಳು, ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದಳು. ಬಿಡುವು ಕೇಳುವ ಕಾರ್ಡ್ ಒಂದನ್ನು ಅವಳ ಕೈ ಪಕ್ಕದಲ್ಲೇ ಇಟ್ಟೆ. ಬೆರಳು ಸೋಕಿದರೂ ಸಾಕು, ಆ ಕ್ಷಣವೇ ಎಲ್ಲ ನಿಲ್ಲಿಸುತ್ತಿದ್ದೆ. ಹನ್ನೊಂದನೇ ದಿನ ತಾನೇ ಕಾರ್ಡ್ ಎತ್ತಿ ನನ್ನ ಮಡಿಲಿಗೆ ಹಾಕಿದಳು. ಮಣಿಕಟ್ಟಿನ ಗಾಯ ಆಗ ಒಣಗುತ್ತಾ ಬಂದಿತ್ತು. 1985ರಲ್ಲಿ ಸಂಶೋಧಕರಾದ ಕಾರ್ ಮತ್ತು ಡ್ಯುರಾಂಡ್ ತೋರಿಸಿದ್ದೂ ಇದನ್ನೇ: ಮಗುವಿಗೆ ಬೇಕಾದದ್ದನ್ನು ಕೇಳುವ ದಾರಿ ಕಲಿಸಿದರೆ ಗಲಾಟೆ ಇಳಿಯುತ್ತದೆ. ಆದರೆ ಏನು ಬೇಕು ಅನ್ನುವುದನ್ನು ಸರಿಯಾಗಿ ಹಿಡಿಯಬೇಕು.

ಉತ್ತರ 2:
ಸೂಪರ್‌ವೈಸರ್ ಮುಂದೆ ಹೇಳಿದ್ದೀರಾ? ತಿಂಗಳ ಗಂಟೆಗಳಲ್ಲಿ ಕನಿಷ್ಠ 5% ಅವರ ಜೊತೆ ಆಗಬೇಕು ಅನ್ನುವ ನಿಯಮ ಇರೋದೇ ಇಂಥದ್ದಕ್ಕೆ. ಸುಮ್ನೆ ಸಹಿ ಹಾಕಿಸಿಕೊಂಡು ಬರಬೇಡಿ. ಇನ್ನೊಂದು ಮಾತು, 2023ರಿಂದ ಬಿಎಸಿಬಿ (ಬಿಸಿಬಿಎ ಪ್ರಮಾಣಪತ್ರ ಕೊಡುವ ಅಮೆರಿಕದ ಮಂಡಳಿ) ಕೆಲವೇ ದೇಶಗಳವರ ಅರ್ಜಿ ತೆಗೆದುಕೊಳ್ಳುತ್ತಿದೆ. ನಿಮ್ಮ ದೇಶ ಅದರಲ್ಲಿ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಉತ್ತರ 3:
ನನಗೇ ಆಟಿಸಂ ಇದೆ. ಚಿಕ್ಕವನಿದ್ದಾಗ ಖುಷಿಗೆ ಕೈ ಆಡಿಸಿದರೂ ಹಿಡಿದು ಮಡಿಲಲ್ಲಿ ಇಡಿಸುತ್ತಿದ್ದರು. ಅದು ಇನ್ನೂ ಮೈಯಲ್ಲಿ ಕೂತಿದೆ. ಯಾರಿಗೂ ನೋವಾಗದ್ದನ್ನು ದಯವಿಟ್ಟು ನಿಲ್ಲಿಸಲು ಹೋಗಬೇಡಿ. ಬಡಿಯುವ ಮುಂಚೆ ಅವನು ಏನು ನೋಡುತ್ತಾನೆ, ಅದನ್ನು ಗಮನಿಸಿ.

ಪ್ರಶ್ನೆ ಕೇಳಿದವರು:
ಇವತ್ತು ಕೌಂಟರ್ ಬದಿಗಿಟ್ಟು ಹತ್ತು ನಿಮಿಷ ಬರೀ ನೋಡಿದೆ. ಬಿಡುವಿನ ಕಾರ್ಡ್ ಇಟ್ಟಿದ್ದೆ, ಅವನು ಮುಟ್ಟಲಿಲ್ಲ. ನಾಲ್ಕನೇ ತುಂಡು ಪೂರ್ತಿ ನೀಲಿ, ಬರೀ ಆಕಾಶ. ಮೂರು ಸಲ ತಿರುಗಿಸಿದ. ನನ್ನ ಮುಖ ನೋಡಿದ. ಆಮೇಲೆ ಬಡಿದ. ಇಷ್ಟು ದಿನ ಆ ಹೊತ್ತಿಗೆ ನಾನು ಹಾಳೆ ನೋಡುತ್ತಿದ್ದೆ. ಬಹುಶಃ ಅವನು ಕೇಳುತ್ತಿರುವುದು ಸಹಾಯ. ನಾಳೆ ಅದಕ್ಕೊಂದು ಕಾರ್ಡ್ ಮಾಡಿ ಸೂಪರ್‌ವೈಸರ್‌ಗೆ ತೋರಿಸುತ್ತೇನೆ.