ಅಮ್ಮನ ಮಂಚ ಏನು ಮಾಡಲಿ?

ಬೆಂಗಳೂರಿನಿಂದ ಕೇಳಿದ್ದು:

ಅಮ್ಮ ತೀರಿಕೊಂಡು 8 ತಿಂಗಳಾಯಿತು. ಊರಿನ ಮನೆ ಬಾಡಿಗೆಗೆ ಕೊಡಬೇಕು. ಅಲ್ಲಿ ಅಮ್ಮನ ತೇಗದ ಮಂಚ, ಕನ್ನಡಿ ಇರುವ ಕಪಾಟು, ನಾನು ಮಲಗಿದ್ದ ತೊಟ್ಟಿಲು ಇವೆ. ನಮ್ಮದು ಎರಡು ರೂಮಿನ ಫ್ಲ್ಯಾಟ್. ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ, ತಂದರೆ ಇಡಲು ಜಾಗ ಇಲ್ಲ. ಹಳೇ ಸಾಮಾನನ್ನು ಬೇರೆ ಏನಾದರೂ ಮಾಡಿಸಿಕೊಂಡವರು ಇದ್ದರೆ ಹೇಳಿ. ಮಾಡಿಸಿದ ಮೇಲೆ ಬೇಜಾರಾಗುತ್ತಾ? ಅದನ್ನೂ ಹೇಳಿ.

ತುಮಕೂರಿನಿಂದ:

ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬೇಜಾರಾಗುತ್ತೆ. ಮಂಚ ಬಿಚ್ಚುವ ದಿನ ತುಂಬಾ ಆಗುತ್ತೆ. ಆಮೇಲೆ ಕಡಿಮೆಯಾಗುತ್ತೆ.

ನಮ್ಮ ಮನೆಯವರು ಹೋದ ಮೇಲೆ ಒಂದು ವರ್ಷ ನಾನು ಮಂಚದ ಮೇಲೆ ಮಲಗಲೇ ಇಲ್ಲ. ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆ. ಮದುವೆಗೆ ಅಪ್ಪ ಮಾಡಿಸಿಕೊಟ್ಟ 6 ಅಡಿ ಅಗಲದ ತೇಗದ ಮಂಚ ಅದು. ಅದರ ಮೇಲೆ ಒಗೆದ ಬಟ್ಟೆ, ಹಳೇ ಪೇಪರ್, ಅವರ ಮಾತ್ರೆ ಡಬ್ಬಿ ಎಲ್ಲಾ ಹಾಗೇ ಬಿದ್ದಿತ್ತು. ರೂಮಿನ ಬಾಗಿಲು ಮುಚ್ಚಿಟ್ಟಿದ್ದೆ. ಮಗ ಬಂದಾಗಲೆಲ್ಲ ಮಾರಿಬಿಡೋಣ ಅನ್ನುತ್ತಿದ್ದ. ನಾನು ಸುಮ್ನೆ ಇರುತ್ತಿದ್ದೆ.

ಆ ಹೊತ್ತಿಗೆ ಸೀರೆಗೆ ಕುಚ್ಚು ಕಟ್ಟುವುದಕ್ಕೆ ಶುರು ಮಾಡಿದ್ದೆ. ಪಕ್ಕದ ಮನೆಯವರ ಒಂದು ಸೀರೆ ಕಟ್ಟಿಕೊಟ್ಟಿದ್ದು ಅಷ್ಟೇ. ಮದುವೆ ಸೀಸನ್ ಬಂದಾಗ ವಾರಕ್ಕೆ ಏಳೆಂಟು ಸೀರೆ ಬರತೊಡಗಿದವು. ಸೆರಗಿನ ಅಗಲ ಹೆಚ್ಚೂಕಡಿಮೆ 45 ಇಂಚು ಇರುತ್ತೆ, ಅಷ್ಟನ್ನೂ ನೆಲದ ಮೇಲೆ ಹರಡಿಕೊಂಡು ಬಗ್ಗಿ ಕೂತರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಒಂದು ಸಂಜೆ ಗೋಡೆಗೆ ಬೆನ್ನು ಕೊಟ್ಟು ಕೂತಾಗ ಹೊಳೆಯಿತು. ನನಗೆ ಉದ್ದನೆಯ ಮೇಜು ಬೇಕು. ಅದಕ್ಕೆ ಬೇಕಾದ ಮರ ಮುಚ್ಚಿದ ಬಾಗಿಲ ಹಿಂದೆ ಇದೆ.

ಹಾಗಾಗಿ ಮಂಚ ನೋಡಿಕೊಂಡು ಯೋಚನೆ ಮಾಡಬೇಡಿ. ಈಗ ನಿಮ್ಮ ದಿನ ಹೇಗೆ ಹೋಗುತ್ತೆ, ಎಲ್ಲಿ ಕೂರುತ್ತೀರಿ, ಏನಿಲ್ಲ ಅಂತ ಒದ್ದಾಡುತ್ತೀರಿ, ಅದನ್ನು ನೋಡಿ. ಅದು ಗೊತ್ತಾಗುವ ತನಕ ಮಂಚ ಇದ್ದಲ್ಲೇ ಇರಲಿ. ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು, ಗೋಡೆಗೆ ತಾಗದ ಹಾಗೆ ಇಟ್ಟು, ಆಗಾಗ ಗೆದ್ದಲು ಬಂದಿದೆಯಾ ಅಂತ ನೋಡುತ್ತಿದ್ದರೆ ಸಾಕು.

ಅರವತ್ತು ದಾಟಿದ ಆಚಾರ್ರು ಒಬ್ಬರು ಬಂದರು. ಮಂಚದ ಸುತ್ತ ಒಂದು ಸುತ್ತು ಬಂದು, ಕೆಳಗೆ ಬಗ್ಗಿ ನೋಡಿ, ‘ಒಂದೂ ಮೊಳೆ ಇಲ್ಲಮ್ಮ, ಎಲ್ಲಾ ಕಚ್ಚು ಕೊಟ್ಟು ಕೂರಿಸಿದ್ದಾರೆ’ ಅಂದರು. ಕಾಲಿನಲ್ಲಿ ಚೌಕ ತೂತು, ಅದರೊಳಗೆ ಪಟ್ಟಿಯ ತುದಿ, ಅಲುಗದಂತೆ ಅಡ್ಡಕ್ಕೆ ಒಂದು ಬಿದಿರಿನ ಗೂಟ. ಗೂಟ ತಟ್ಟಿ ತೆಗೆದರೆ ಇಡೀ ಮಂಚ ಎಲ್ಲೂ ಸೀಳದೆ ಬಿಚ್ಚಿಕೊಂಡಿತು. ಒಂದು ಪಟ್ಟಿಯ ಒಳಮುಖದಲ್ಲಿ ಪೆನ್ಸಿಲ್‌ನಲ್ಲಿ ‘ಎಡ ತಲೆ’ ಅಂತ ಬರೆದಿತ್ತು. 31 ವರ್ಷ ಅದರ ಮೇಲೆ ಮಲಗಿದ್ದೇನೆ, ಆ ಅಕ್ಷರ ನೋಡಿಯೇ ಇರಲಿಲ್ಲ.

ಆಮೇಲೆ ತಲೆ ಕಡೆಯ ಹಲಗೆ. ನಮ್ಮ ಮನೆಯವರು ಒರಗಿ ಕೂರುತ್ತಿದ್ದ ಕಡೆ ಅಂಗೈ ಅಗಲದ ಕಪ್ಪು ಗುರುತು ಇತ್ತು. ದಿನಾ ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅಲ್ಲೇ ಒರಗಿ ಪೇಪರ್ ಓದುತ್ತಿದ್ದರು. ‘ಇದನ್ನ ಉಜ್ಜಿ ತೆಗೀಬೇಕು, ಎಣ್ಣೆ ಕುಡಿದ ಮರಕ್ಕೆ ಪಾಲಿಶ್ ಹಿಡಿಯಲ್ಲ’ ಅಂದರು ಆಚಾರ್ರು. ಅವರು ಹೇಳಿದ್ದು ಸರಿಯೇ. ನನಗೆ ಬಾಯಿಗೆ ಮಾತು ಬರಲಿಲ್ಲ, ಕೈ ಅಡ್ಡ ಇಟ್ಟೆ. ಅವರು ಏನೂ ಕೇಳಲಿಲ್ಲ. ಹಲಗೆ ತಿರುವಿ ಹಾಕಿ, ಹಿಂದಿನ ಮುಖವನ್ನು ಉಜ್ಜತೊಡಗಿದರು. ಆ ಹಲಗೆಯೇ ಈಗ ಮೇಜು. ಗುರುತು ಅಡಿಯಲ್ಲಿದೆ, ನಾನು ಕೂರುವ ಪಕ್ಕಕ್ಕೆ. ದಾರ ಹುಡುಕುವಾಗ ಕೈಗೆ ಸಿಗುತ್ತೆ, ಅಲ್ಲಿ ಮರ ನುಣ್ಣಗಿದೆ.

ಪಕ್ಕದ ಪಟ್ಟಿಗಳು ಮೇಜಿನ ಕಾಲಾದವು. ಹಾಸಿಗೆ ಕೆಳಗಿನ ಹಲಗೆಯಲ್ಲಿ ದಾರ, ಮಣಿ ಇಡುವ ಗೂಡು ಮಾಡಿಸಿದೆ. ಒಟ್ಟು ಮೂರು ದಿನದ ಕೆಲಸ.

ಒಂದು ಎಚ್ಚರಿಕೆ. ಮಂಚಕ್ಕೂ ಮೊದಲು ಒಂದು ಕಪಾಟನ್ನು ಪಾಲಿಶ್‌ಗೆ ಅಂತ ಅಂಗಡಿಗೆ ಕಳಿಸಿದ್ದೆ. ಫಳಫಳ ಹೊಳೆಯುತ್ತಾ ಬಂತು. ಹಿಂದೆ ನೋಡಿದರೆ ತೇಗದ ಹಲಗೆ ಹೋಗಿ ಪ್ಲೈವುಡ್ ಬಂದಿತ್ತು. ನಾನು ಮೊದಲೇ ಫೋಟೊ ತೆಗೆದಿರಲಿಲ್ಲ, ಏನು ಹೇಳಿದರೂ ನಡೆಯಲಿಲ್ಲ. ನಿಮ್ಮ ಕಪಾಟು ಆದಷ್ಟೂ ಕಣ್ಣೆದುರಿಗೇ ಮಾಡಿಸಿ. ಕಳಿಸಲೇಬೇಕು ಅಂದರೆ ಒಳಗೆ, ಹೊರಗೆ, ಹಿಂದೆ ಎಲ್ಲಾ ಫೋಟೊ ತೆಗೆದಿಟ್ಟುಕೊಳ್ಳಿ.

ಆ ರೂಮಿನ ಬಾಗಿಲು ಈಗ ಹಗಲೆಲ್ಲಾ ತೆಗೆದೇ ಇರುತ್ತೆ. ಇಬ್ಬರು ಹುಡುಗಿಯರು ಕುಚ್ಚು ಕಲಿಯಲು ಬರುತ್ತಾರೆ. ಮಲಗುವುದಕ್ಕೆ ಒಂದು ಸಣ್ಣ ದಿವಾನ ತಂದೆ. ಅದೂ ಅದೇ ರೂಮಿನಲ್ಲಿದೆ.

ಧಾರವಾಡದಿಂದ:

ನಾನು ತೊಟ್ಟಿಲಿನ ಬಗ್ಗೆ ಅಷ್ಟೇ ಹೇಳುತ್ತೇನೆ. ಅದನ್ನು ಪುಸ್ತಕದ ಸ್ಟ್ಯಾಂಡೋ ಹೂವಿನ ಕುಂಡದ ಸ್ಟ್ಯಾಂಡೋ ಮಾಡಿಸಬೇಡಿ. ನಮ್ಮಲ್ಲಿ ಕಲಘಟಗಿ ತೊಟ್ಟಿಲು ಇದೆ, ಅರಗಿನ ಬಣ್ಣದ್ದು, ಸುತ್ತ ಕೃಷ್ಣನ ಚಿತ್ರ. ಅವ್ವನ ಕಾಲದಲ್ಲಿ ಅದು ಒಂದು ಮನೆಯಲ್ಲಿ ನಿಂತಿದ್ದೇ ಇಲ್ಲ. ಬಳಗದಲ್ಲಿ ಯಾರಿಗೆ ಕೂಸು ಹುಟ್ಟಿದರೂ ಅಲ್ಲಿಗೆ ಹೋಗುತ್ತಿತ್ತು. ಕೊನೆಗೆ ನನ್ನ ಹತ್ತಿರ ಬಂತು. ನನಗೆ ಮಕ್ಕಳಾಗಲಿಲ್ಲ. ಅದನ್ನು ಅಟ್ಟದ ಮೇಲೆ ಇಟ್ಟುಬಿಟ್ಟೆ. ಕೇಳಿದವರಿಗೆ ಬಣ್ಣ ಹೋಗಿದೆ, ಹಗ್ಗ ಸರಿಯಿಲ್ಲ ಅಂತ ನೆಪ ಹೇಳಿದೆ. ಹದಿನಾಲ್ಕು ವರ್ಷ ಹಾಗೇ ಹೋಯಿತು.

ಹೋದ ವರ್ಷ ತಮ್ಮನ ಮಗಳ ಬಾಣಂತನಕ್ಕೆ ನಾನೇ ಇಳಿಸಿದೆ. ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿದೆ, ಅಷ್ಟೇ. ಅರಗಿನ ಬಣ್ಣಕ್ಕೆ ಸ್ಪಿರಿಟ್ ತಾಗಿಸಲೇಬಾರದು, ಕರಗಿ ಬಂದುಬಿಡುತ್ತೆ. ಹೆಸರಿಡುವ ದಿನ ಕೂಸನ್ನು ಮಲಗಿಸಿ, ‘ಅತ್ತೀ, ನೀವೇ ತೂಗಿ’ ಅಂದಳು ಹುಡುಗಿ. ತೂಗಿದೆ. ಈಗ ಮುಂದಿನ ಮನೆ ಯಾವುದು ಅಂತ ನಾನೇ ವಿಚಾರಿಸುತ್ತಿದ್ದೇನೆ.

ಸಾಗರದಿಂದ:

ಬೆಂಗಳೂರಿಗೆ ಸಾಗಿಸುವ ಮೊದಲು ಕಾಲುಗಳ ಕೆಳಗೆ ಬಿಳಿ ಕಾಗದ ಹಾಸಿ ಕೆಲವು ದಿನ ಬಿಡಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಹುಳ ಇದೆ ಅಂತ. ಔಷಧಿ ಹಾಕಿಸದೆ ಮನೆಯೊಳಗೆ ತರಬೇಡಿ. ತೇಗದ ಒಳಗಿನ ಕೆಚ್ಚಿಗೆ ಹುಳ ಹಿಡಿಯುವುದು ಕಡಿಮೆ, ಹೊರಗಿನ ಬಿಳಿ ಭಾಗವನ್ನೇ ಜಾಸ್ತಿ ತಿನ್ನುತ್ತೆ. ಆ ಭಾಗ ಕತ್ತರಿಸಿ ತೆಗೆಸಬಹುದು.

ಅಗಸೆ ಎಣ್ಣೆ ಹಚ್ಚುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತೆ. ನಮ್ಮ ಕೊಟ್ಟಿಗೆಯಲ್ಲಿ ಹೊಗೆ ಎದ್ದಿತ್ತು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲ ನೀರಲ್ಲಿ ನೆನೆಸಿಡಿ.

ಬಿಚ್ಚುವುದಕ್ಕೆ ಮನಸ್ಸು ಒಪ್ಪದಿದ್ದರೆ ಒಮ್ಮೆ ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿ ಬನ್ನಿ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳ ಹಳೇ ಮನೆಗಳನ್ನೇ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಮ್ಮ ಮನೆಯ ಕಂಬ ಇಳಿಸುವಾಗ ನನಗೆ ಧೈರ್ಯ ಬಂದಿದ್ದು ಅದನ್ನು ನೋಡಿದ್ದರಿಂದ.

ಬೆಂಗಳೂರಿನಿಂದ ಮತ್ತೆ:

ಊರಿಗೆ ಹೋಗಿ ಬಂದೆ. ಕಾಗದದ ಮೇಲೆ ಪುಡಿ ಬಿದ್ದಿಲ್ಲ. ತೊಟ್ಟಿಲು ಹಾಸನದ ಚಿಕ್ಕಮ್ಮನ ಸೊಸೆಗೆ, ಅವಳಿಗೆ ಈಗ ಏಳು ತಿಂಗಳು. ಕಪಾಟಿನ ಫೋಟೊ ತೆಗೆದಿಟ್ಟೆ, ಅದಕ್ಕೆ ಇನ್ನೂ ಏನೂ ಹೊಳೆದಿಲ್ಲ. ಅಕ್ಕಾ, ನೀವು ಹೇಳಿದ ಹಾಗೆ ಒಂದು ವಾರ ನನ್ನ ದಿನ ನೋಡಿಕೊಂಡೆ. ಆಫೀಸಿನಿಂದ ಬಂದು ಕಾಫಿ ಹಿಡಿದುಕೊಂಡು ಬಾಲ್ಕನಿಯಲ್ಲಿ ನಿಂತೇ ಕುಡಿಯುತ್ತೇನೆ, ಅಲ್ಲಿ ಕೂರಲು ಏನೂ ಇಲ್ಲ. ಇವತ್ತು ಟೇಪ್ ಹಿಡಿದು ಅಳತೆ ತೆಗೆದೆ. 4 ಅಡಿ 2 ಇಂಚು. ಒರಗುವುದಕ್ಕೆ ಅಮ್ಮನ ತಲೆ ಕಡೆಯ ಹಲಗೆ ಸಾಕಾಗುತ್ತೆ ಅಲ್ವಾ?