ಸನ್ನದ್ಧತಾ ಅಭ್ಯಾಸದಲ್ಲಿ ಮುಖವಾಡ ಹಂಚುವಾಗ ಅಳತೆ ನೋಡುವ ಹೊಣೆ ಯಾರದು?

ಪ್ರಶ್ನೆ: ಸೈನಿಕನ ಅಣ್ಣ, ದಾವಣಗೆರೆ

ನನ್ನ ತಮ್ಮ ಸೇನೆಯಲ್ಲಿ ಸಿಪಾಯಿ. ಕಳೆದ ತಿಂಗಳು ರಜೆಗೆ ಬಂದಾಗ ಅವನು ಹೇಳಿದ ಸಂಗತಿಯೊಂದು ನನ್ನನ್ನು ಕಾಡುತ್ತಿದೆ. ಅಭ್ಯಾಸದ ದಿನ ನಸುಕಿನಲ್ಲಿ ಸೈರನ್ ಆದೊಡನೆ ಎಲ್ಲರೂ ಸ್ಟೋರಿನ ಮುಂದೆ ಸಾಲು ನಿಂತರಂತೆ. ವಿಷಾನಿಲದಿಂದ ಕಾಯುವ ಮುಖವಾಡ, ಫಿಲ್ಟರ್ ಡಬ್ಬಿ, ಮೇಲುಡುಪು, ಕೈಗವಸು, ಎಲ್ಲವನ್ನೂ ಒಟ್ಟಿಗೆ ಕೈಗಿತ್ತು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ಇವನದು ಸಣ್ಣ ಮುಖ, ಸಿಕ್ಕಿದ್ದು ದೊಡ್ಡ ಅಳತೆಯ ಮುಖವಾಡ. ಪಟ್ಟಿಗಳನ್ನು ಎಷ್ಟು ಬಿಗಿದರೂ ದವಡೆಯ ಪಕ್ಕದಲ್ಲಿ ಕಿರುಬೆರಳು ತೂರುವಷ್ಟು ಸಂದಿ ಉಳಿಯಿತು. ಹಿಂದೆ ಇನ್ನೂ ಉದ್ದದ ಸಾಲಿದ್ದುದರಿಂದ ಕೇಳಲು ಸಂಕೋಚವಾಗಿ ಹಾಗೆಯೇ ಹೊರಟುಬಿಟ್ಟನಂತೆ. ಅಭ್ಯಾಸವಾದ್ದರಿಂದ ಅಪಾಯವಾಗಲಿಲ್ಲ, ನಿಜ. ಆದರೆ ಇಷ್ಟು ಜನರಿಗೆ ಅವಸರದಲ್ಲಿ ಹಂಚುವಾಗ ಅಳತೆಯನ್ನು ಖಾತ್ರಿಪಡಿಸುವ ಕ್ರಮ ಯಾವುದು? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಹವಾಲ್ದಾರ್, ಚಳ್ಳಕೆರೆ

ಕಂಪನಿಯ ಸ್ಟೋರನ್ನು ಹಲವು ವರ್ಷ ನೋಡಿಕೊಂಡವನು ನಾನು. ನಿಮ್ಮ ತಮ್ಮನ ತಪ್ಪೇನೂ ಇಲ್ಲ. ಹೊಣೆ ಕೌಂಟರಿನ ಈಚೆಗೆ ನಿಂತವನದು. ಸಹಿ ಬಿದ್ದರೆ ಸಾಮಾನು ಹೋಯಿತೆಂದು ಲೆಕ್ಕಕ್ಕೆ ಸಿಗುತ್ತದೆಯೇ ಹೊರತು ಜವಾನನಿಗೆ ರಕ್ಷಣೆ ಸಿಕ್ಕಿತೆಂದು ಅರ್ಥವಲ್ಲ.

ಅಳತೆ ನೋಡುವ ಕೆಲಸ ಸೈರನ್ ಆದ ಮೇಲೆ ಆಗತಕ್ಕದ್ದಲ್ಲ. ಜವಾನ ಘಟಕಕ್ಕೆ ಬಂದ ವಾರದಲ್ಲೇ ಮುಖವಾಡ ತೊಡಿಸಿ ನೋಡಿ, ಅವನ ಹೆಸರಿನ ಮುಂದೆ ಮುಖವಾಡ, ಕೈಗವಸು, ಬೂಟುಗಳ ಅಳತೆ ಬರೆದಿಟ್ಟು, ಆ ಪ್ರಕಾರ ಚೀಲ ಕಟ್ಟಿ ಚೀಟಿ ಅಂಟಿಸಿದ್ದರೆ, ಅಭ್ಯಾಸದ ದಿನ ಹೆಸರು ಕೂಗಿ ಚೀಲ ಕೊಡುವುದಷ್ಟೇ ಉಳಿಯುತ್ತದೆ. ಆಗಲೂ ಚೀಲ ಪಡೆದವನು ಅಲ್ಲೇ ಪಕ್ಕಕ್ಕೆ ನಿಂತು ಮುಖವಾಡ ತೊಟ್ಟು, ಡಬ್ಬಿಯ ಗಾಳಿ ಬಾಯಿಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಬೇಕು. ರಬ್ಬರು ಕೆನ್ನೆಗೆ ಅಂಟಿಕೊಂಡು ಹಾಗೇ ನಿಂತರೆ ಸರಿ. ಎಲ್ಲಿಂದಾದರೂ ಗಾಳಿ ನುಸುಳಿದರೆ ಪಟ್ಟಿ ಸರಿಪಡಿಸಬೇಕು, ಅದಕ್ಕೂ ಬಗ್ಗದಿದ್ದರೆ ಅಳತೆ ಬದಲಿಸಬೇಕು. ಇದಕ್ಕೆ ಅರ್ಧ ನಿಮಿಷವೂ ಬೇಡ. ಎರಡು ದಿನದ ಗಡ್ಡವೂ ಈ ಹಿಡಿತವನ್ನು ಕೆಡಿಸುತ್ತದೆ, ಕನ್ನಡಕದ ಕಡ್ಡಿಯೂ ಕೆಡಿಸುತ್ತದೆ.

ಫಿಲ್ಟರ್ ಡಬ್ಬಿಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಅದರೊಳಗಿರುವುದು ವಿಶೇಷವಾಗಿ ಹದಗೊಳಿಸಿದ ಇದ್ದಿಲು. ಹೊಸದುರ್ಗದ ಕಡೆ ತೆಂಗಿನಕಾಯಿ ಸುಲಿದು ಒಡೆದ ಮೇಲೆ ಒಲೆಗೆ ಹಾಕುತ್ತೇವಲ್ಲ, ಅಂಥ ಚಿಪ್ಪಿನಿಂದಲೂ ಅದನ್ನು ತಯಾರಿಸುತ್ತಾರೆ. ಸೀಲು ಒಡೆದಿಟ್ಟರೆ ಗಾಳಿಯ ತೇವವನ್ನೇ ಕುಡಿದು ಅದರ ಶಕ್ತಿ ಕುಂದುತ್ತದೆ. ಆದ್ದರಿಂದ ಅವಧಿ ಮುಗಿದ ಡಬ್ಬಿಗಳಿಗೆ ಎದ್ದು ಕಾಣುವ ಬಣ್ಣ ಬಳಿದು ತರಬೇತಿಗೆಂದೇ ಬೇರೆ ಇಡಬೇಕು, ಸೀಲಿರುವವನ್ನು ಅಭ್ಯಾಸಕ್ಕೆಂದು ಒಡೆಯಬಾರದು. ಇವೆರಡೂ ಒಂದೇ ಕಪಾಟಿನಲ್ಲಿ ಬೆರೆತದ್ದನ್ನು ನಾನೊಮ್ಮೆ ಕಂಡಿದ್ದೇನೆ. ಆ ರಾತ್ರಿ ಪೂರ್ತಿ ಕೂತು ಒಂದೊಂದರ ತಾರೀಖನ್ನೂ ಓದಿ ವಿಂಗಡಿಸಿದೆವು.

ಉತ್ತರ: ಸೇನಾ ವೈದ್ಯಕೀಯ ದಳದಲ್ಲಿದ್ದವನು, ಚಿತ್ರದುರ್ಗ

ಹವಾಲ್ದಾರ್ ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ಉಡುಪು ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ, ಅದನ್ನು ಎಷ್ಟು ಹೊತ್ತು ತೊಡಬಹುದೆಂದು ಹೇಳುವುದೂ ಹಂಚಿಕೆಯ ಭಾಗವೇ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ನಿಂತವರಿಗೆ ಬೆವರು ಆರದಿದ್ದರೆ ಏನಾಗುತ್ತದೆಂದು ಗೊತ್ತು. ಈ ಉಡುಪಿನೊಳಗೆ ಬೆವರು ಹರಿಯುತ್ತದೆ, ಆರುವುದಿಲ್ಲ. ಹಾಗಾಗಿ ಮೈಯ ಕಾವು ಇಳಿಯುವುದಿಲ್ಲ. ಅಮೆರಿಕ ಸೇನೆಯ ಮಾರ್ಗಸೂಚಿಯಲ್ಲಿ ಪೂರ್ಣ ಉಡುಪಿನಲ್ಲಿ ಹಗುರ ಕೆಲಸ ಮಾಡುವಾಗಲೂ ಬಿಸಿಲಿನ ಸೂಚ್ಯಂಕಕ್ಕೆ (ಗಾಳಿಯ ಕಾವು, ತೇವ, ಬಿಸಿಲು ಸೇರಿಸಿ ಅಳೆಯುವ ಅಂಕಿಗೆ) 10 ಡಿಗ್ರಿ ಫ್ಯಾರನ್‌ಹೀಟ್ ಕೂಡಿಸಿ ಲೆಕ್ಕ ಹಾಕುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟು ಕೂಡಿಸಿ ನೋಡಿ. ದುಡಿಮೆಯ ಜೊತೆಗೆ ವಿರಾಮದ ಹೊತ್ತನ್ನೂ ಆದೇಶದಲ್ಲೇ ಬರೆಯಬೇಕು. ಮಾತು ತೊದಲುವವನನ್ನು, ತಲೆ ಸುತ್ತುತ್ತದೆ ಎಂದವನನ್ನು ಕೂಡಲೇ ನೆರಳಿಗೆ ತಂದು ಉಡುಪು ಬಿಚ್ಚಿಸಿ ಮೈಗೆ ನೀರು ಹಾಕಬೇಕು.

ಇನ್ನೊಂದು ಮಾತನ್ನು ಹಂಚುವಾಗಲೇ ಪ್ರತಿಯೊಬ್ಬನಿಗೂ ಹೇಳಬೇಕು: ಈ ಮುಖವಾಡ ಗಾಳಿಯನ್ನು ಸೋಸುತ್ತದೆಯೇ ವಿನಾ ಆಮ್ಲಜನಕವನ್ನು ಕೊಡುವುದಿಲ್ಲ. ಹೊಗೆ ತುಂಬಿದ ಕೋಣೆಗೋ ಮುಚ್ಚಿದ ತೊಟ್ಟಿಗೋ ಅದನ್ನು ನಂಬಿ ಇಳಿಯುವಂತಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಅಂಗೈ ಮುಚ್ಚಿ ನೋಡುವ ಪರೀಕ್ಷೆಯನ್ನು ತರಬೇತಿಯಲ್ಲಿ ಕಲಿಸಿದ್ದರು, ಆ ದಿನ ಮಾಡಿಸಲಿಲ್ಲ ಎಂದ. ಈಗ ದೂರು ಕೊಟ್ಟರೆ ಮೇಲಿನವರು ಬೇಸರಪಟ್ಟುಕೊಳ್ಳುತ್ತಾರೆಂದು ಹಿಂಜರಿಯುತ್ತಿದ್ದಾನೆ.

ಉತ್ತರ: ನಿವೃತ್ತ ಹವಾಲ್ದಾರ್, ಚಳ್ಳಕೆರೆ

ದೂರು ಎನ್ನಬೇಡಿ. ಸ್ಟೋರಿನ ಕೊರತೆ ಹೊರಬರಲೆಂದೇ ಅಭ್ಯಾಸ ನಡೆಸುವುದು. ತನ್ನ ಸೆಕ್ಷನ್ ಕಮಾಂಡರ್ ಮೂಲಕ, "ನನಗೆ ಸಣ್ಣ ಅಳತೆಯ ಮುಖವಾಡ ಬೇಕು, ರಿಜಿಸ್ಟರಿನಲ್ಲಿ ತಿದ್ದಿಸಿ" ಎಂದು ಕೇಳಲಿ. ಸಣ್ಣ ಅಳತೆಯವು ಸಾಕಷ್ಟು ಇಲ್ಲದಿದ್ದರೆ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಲು ಸಾಮಾನು ಸರಬರಾಜು ನೋಡುವ ಕ್ವಾರ್ಟರ್ ಮಾಸ್ಟರ್‌ಗೆ ಆ ಒಂದು ಸಾಲೇ ಆಧಾರವಾಗುತ್ತದೆ. ನಾನು ಸ್ಟೋರಿನಲ್ಲಿದ್ದಾಗ ಹಾಗೆ ಬಂದು ಕೇಳಿದ ಹುಡುಗರ ಮೇಲೆ ಒಂದು ದಿನವೂ ಬೇಸರಪಟ್ಟಿಲ್ಲ.